32 ಬಿಟ್, 64 ಬಿಟ್: ಪ್ರೊಸೆಸರ್ ಎಳೆಯುವ ಗೆರೆ

ಆಪರೇಟಿಂಗ್ ಸಿಸ್ಟಂ (ಓಎಸ್) ಎಷ್ಟೇ ಜಾಣತನದಿಂದ ಬರೆದಿದ್ದರೂ ಪ್ರೊಸೆಸರ್ ಬಿಟ್ಟುಕೊಟ್ಟಷ್ಟೇ ಅದರ ವ್ಯಾಪ್ತಿ. ಇಂಟೆಲ್ 8086ರಲ್ಲಿ (1978) ವಿಳಾಸ ಗೆರೆಗಳು 20. ಹಾಗಾಗಿ ಮೆಮೊರಿ 1 ಎಂಬಿ ಮಾತ್ರ. ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿಗೆ ಕೈಹಾಕದಂತೆ ತಡೆಯುವ ಏರ್ಪಾಡೂ ಅದರಲ್ಲಿರಲಿಲ್ಲ. 1985ರ 80386 ಚಿಪ್ 32 ಬಿಟ್ ವಿಳಾಸವನ್ನೂ ಮೆಮೊರಿಯನ್ನು ಪುಟಗಳಾಗಿ ಹಂಚುವ ಪೇಜಿಂಗನ್ನೂ ತಂದಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದದ್ದು ಇದೇ ಚಿಪ್‌ಗಾಗಿ.

32 ಬಿಟ್ ವಿಳಾಸ ಮುಟ್ಟಬಲ್ಲದ್ದು 2ರ 32ನೇ ಘಾತದಷ್ಟು ಬೈಟ್, ಅಂದರೆ 4 ಜಿಬಿ. ನೆನಪಿಡಬೇಕಾದ ಅಂಕಿ ಇದೇ. (ಪಿಎಇ ಎಂಬ ವಿಳಾಸ ವಿಸ್ತರಣೆಯ ತಂತ್ರದಿಂದ ಒಟ್ಟು ಮೆಮೊರಿಯನ್ನು 64 ಜಿಬಿವರೆಗೆ ಹಿಗ್ಗಿಸಬಹುದಿತ್ತು, ಆದರೂ ಒಂದು ಪ್ರೋಗ್ರಾಂಗೆ ಕಾಣುವ ವಿಳಾಸ 4 ಜಿಬಿಯೇ.) 2003ರಲ್ಲಿ ಎಎಂಡಿಯ ಆಪ್ಟೆರಾನ್ ಚಿಪ್ ಮೂಲಕ, 8086ರಿಂದ ಬೆಳೆದ ಎಕ್ಸ್86 ಕುಟುಂಬಕ್ಕೆ 64 ಬಿಟ್ ಬಂತು. ಇಂಥ ಚಿಪ್‌ನಲ್ಲಿ 32 ಬಿಟ್ ಓಎಸ್ ಓಡಬಲ್ಲದು. 32 ಬಿಟ್ ಚಿಪ್‌ನಲ್ಲಿ 64 ಬಿಟ್ ಓಎಸ್ ಓಡದು. ಗೊಂದಲವಾಗುವುದು ಇಲ್ಲೇ. ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ.