ಹಾಯಿದೋಣಿಯಲ್ಲಿ ಒಂದು ವಾರ, ಜೊತೆಗೊಂದು ಪುಟ್ಟ ಮಗು



ರಜೆ ಬಂತೆಂದರೆ ನಾವು ಅಜ್ಜನ ಮನೆಗೆ ಹೋಗುತ್ತೇವೆ, ಹೆಚ್ಚೆಂದರೆ ಬೇಕಲ ಕೋಟೆ ನೋಡಿ ಬರುತ್ತೇವೆ. ಗ್ರೀಸ್ ದೇಶದ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆ ರಜೆಯನ್ನು ಹಾಯಿದೋಣಿಯಲ್ಲೇ ಕಳೆಯುವ ಕುಟುಂಬಗಳು ಬಹಳ ಉಂಟು. ಒಂದು ಕುಟುಂಬ, ಅವರ ಒಂದಿಬ್ಬರು ಸ್ನೇಹಿತರು, ಸಣ್ಣ ಮಕ್ಕಳು ಎಲ್ಲ ಸೇರಿ 10-12 ಮೀಟರ್ ಉದ್ದದ ದೋಣಿಯನ್ನು ಒಂದು ವಾರಕ್ಕೆ ಬಾಡಿಗೆಗೆ ಹಿಡಿಯುತ್ತಾರೆ. ಅಡಿಗೆ, ಊಟ, ನಿದ್ದೆ ಎಲ್ಲವೂ ಅದರಲ್ಲೇ. ಲೆಫ್ಕಾಡ, ಮೆಗಾನಿಸಿ, ಇಥಾಕಾ, ಕೆಫಲೋನಿಯಾ ಎಂಬ ದ್ವೀಪಗಳ ನಡುವೆ ದಿನಕ್ಕೊಂದು ಊರು ಸುತ್ತುತ್ತಾರೆ. ಈ ನೀರಿಗೆ ಅಯೋನಿಯನ್ ಸಮುದ್ರ ಎಂದು ಹೆಸರು.

ಆ ದೋಣಿಯಲ್ಲಿ ಮೂರು ವರ್ಷದ, 15 ಕಿಲೋ ತೂಕದ ಒಂದು ಮಗು ಉಂಟೆಂದು ಇಟ್ಟುಕೊಳ್ಳಿ. ಮಗು ಸುರಕ್ಷಿತವಾಗಿ ಮನೆಗೆ ಮರಳಬೇಕಾದರೆ ದೊಡ್ಡವರಿಗೆ ಎಂತೆಂತ ಗೊತ್ತಿರಬೇಕು? ಗಾಳಿ, ನೀರು, ತೂಕ, ವೇಗ, ಶಾಖ ಎಲ್ಲ ಬೇಕು. ನಿಮ್ಮ ವಿಜ್ಞಾನ ಪುಸ್ತಕದ ಅರ್ಧ ಪಾಠಗಳು ಆ ದೋಣಿಯಲ್ಲೇ ಇವೆ. ಒಂದೊಂದಾಗಿ ನೋಡುವ.

ಗಾಳಿ ಯಾವಾಗ ಬೀಸುತ್ತದೆ?

ಕಡಲ ಬದಿಯಲ್ಲಿ ಮನೆ ಇರುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಬೆಳಗ್ಗೆ ಗಾಳಿ ಇರುವುದಿಲ್ಲ, ಮಧ್ಯಾಹ್ನದ ನಂತರ ಕಡಲ ಕಡೆಯಿಂದ ಬೀಸತೊಡಗುತ್ತದೆ, ಸಂಜೆ ಇಳಿಯುತ್ತದೆ. ಒಂದು ಕಿಲೋ ನೀರಿನ ಉಷ್ಣತೆಯನ್ನು 1 ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಒಣ ಮರಳಿಗೆ ಅದರ ಐದನೇ ಒಂದು ಪಾಲು ಸಾಕು. ಹಾಗಾಗಿ ಒಂದೇ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ.

ಅಯೋನಿಯನ್ ಸಮುದ್ರದಲ್ಲಿಯೂ ಬೇಸಿಗೆಯ ಮಧ್ಯಾಹ್ನ ವಾಯವ್ಯದಿಂದ ಒಂದು ಗಾಳಿ ಎದ್ದು ಸೂರ್ಯಾಸ್ತದ ಹೊತ್ತಿಗೆ ಅಡಗುತ್ತದೆ. ಅದಕ್ಕೆ 'ಮೈಸ್ತ್ರೋ' ಎನ್ನುತ್ತಾರೆ. ಸಣ್ಣ ಮಗು ಜೊತೆಗಿದ್ದರೆ ದೊಡ್ಡವರು ಗಾಳಿ ಜೋರಾಗುವ ಮೊದಲೇ ಹೊರಟು ಎರಡು ಮೂರು ಗಂಟೆಯಲ್ಲಿ ಒಂದು ಕೊಲ್ಲಿ ಸೇರಿ ಲಂಗರು ಹಾಕುವುದು ಇದಕ್ಕೇ.

ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಒತ್ತಡವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಗಾಳಿ ಏರುವ ಲಕ್ಷಣ ಕಂಡ ಕೂಡಲೇ ಹಾಯಿಯ ಒಂದು ಭಾಗವನ್ನು ಸುತ್ತಿ ಚಿಕ್ಕದು ಮಾಡುತ್ತಾರೆ.

ಗಾಳಿಗೆ ಎದುರಾಗಿ ಹೋಗುವುದು ಹೇಗೆ?

ಹಿಂದಿನಿಂದ ಗಾಳಿ ಬಂದರೆ ಹಾಯಿ ಅದನ್ನು ಹಿಡಿದು ದೋಣಿಯನ್ನು ಮುಂದೆ ದೂಡುತ್ತದೆ. ಎದುರಿನಿಂದ ಬಂದರೆ? ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಆದರೆ ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಹುದು.

ಬಾಗಿದ ಹಾಯಿ ಗಾಳಿಯನ್ನು ತಿರುಗಿಸುತ್ತದೆ. ನ್ಯೂಟನ್‌ನ ಮೂರನೆಯ ನಿಯಮದಂತೆ ಗಾಳಿಯೂ ಹಾಯಿಯನ್ನು ಎದುರು ದಿಕ್ಕಿಗೆ ದೂಡುತ್ತದೆ. ಈ ಬಲದ ಹೆಚ್ಚಿನ ಪಾಲು ಬದಿಗೆ, ಸ್ವಲ್ಪ ಮುಂದಕ್ಕೆ. ದೋಣಿಯ ಅಡಿಯಲ್ಲಿ ಮೀನಿನ ರೆಕ್ಕೆಯಂತೆ ನೀರಿಗಿಳಿದ 'ಕೀಲ್' ಎಂಬ ಭಾರದ ಭಾಗ ಉಂಟು. ಅದು ಬದಿಗೆ ಜಾರಲು ಬಿಡುವುದಿಲ್ಲ. ಉಳಿದದ್ದು ಮುಂದಿನ ದಾರಿ ಮಾತ್ರ. ಒದ್ದೆಯಾದ ಹಲಸಿನ ಬೇಳೆಯನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿ, ಪುಸಕ್ಕನೆ ಮುಂದಕ್ಕೆ ಹಾರುತ್ತದೆ. ಒತ್ತಿದ್ದು ಬದಿಯಿಂದ, ಹೋದದ್ದು ಮುಂದಕ್ಕೆ. ಹಾಗೆಯೇ ಇದು.

ಒಮ್ಮೆ ಎಡಕ್ಕೆ ಓರೆ, ಒಮ್ಮೆ ಬಲಕ್ಕೆ ಓರೆ ಎಂದು ಅಂಕುಡೊಂಕಾಗಿ ಸಾಗಬೇಕು. ಎದುರು 10 ಕಿ.ಮೀ. ದೂರದ ಊರಿಗೆ ಹೀಗೆ ಹೋದರೆ ಎಷ್ಟು ದೂರ ಆಗುತ್ತದೆ? ಪೈಥಾಗೊರಸ್ ಪ್ರಮೇಯದಿಂದ ಲೆಕ್ಕ ಹಾಕಿ: ಪ್ರತಿ ಓರೆಯೂ ಸುಮಾರು 7.07 ಕಿ.ಮೀ., ಒಟ್ಟು 14.1 ಕಿ.ಮೀ. ಮಗುವಿಗೆ ಹಸಿವಾಗುವ ಹೊತ್ತನ್ನು ಲೆಕ್ಕ ಹಾಕುವಾಗ ಈ 4 ಕಿ.ಮೀ. ಮರೆಯಬಾರದು.

ವಾಲುತ್ತದೆ, ಮಗುಚುವುದಿಲ್ಲ

ಗಾಳಿ ಹೊಡೆದಾಗ ದೋಣಿ ಒಂದು ಬದಿಗೆ ವಾಲುತ್ತದೆ. ಮೊದಲ ಸಲ ಕೂತವರಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಕೀಲ್‌ನಲ್ಲಿ ಕಬ್ಬಿಣ ಅಥವಾ ಸೀಸ ತುಂಬಿರುತ್ತದೆ. ಇಂತಹ ದೋಣಿಗಳಲ್ಲಿ ಇಡೀ ತೂಕದ ಸುಮಾರು ಮೂರನೇ ಒಂದು ಪಾಲು ಅದೇ. ಹಾಗಾಗಿ ಗುರುತ್ವ ಕೇಂದ್ರ ಬಹಳ ಕೆಳಗಿರುತ್ತದೆ. ದೋಣಿ ವಾಲಿದಷ್ಟೂ ಆ ಭಾರ ಅದನ್ನು ನೆಟ್ಟಗೆ ಎಳೆಯುತ್ತದೆ. ಎಷ್ಟು ಬೀಳಿಸಿದರೂ ಎದ್ದು ನಿಲ್ಲುವ ತಂಜಾವೂರು ಗೊಂಬೆ ನೋಡಿದ್ದೀರಲ್ಲ? ಅದರ ಗುಟ್ಟೂ ಇದೇ.

ನಾಟ್ ಅಂದರೆ ಎಷ್ಟು?

ಕಡಲಿನಲ್ಲಿ ದೂರವನ್ನು ನಾಟಿಕಲ್ ಮೈಲಿನಲ್ಲಿ ಅಳೆಯುತ್ತಾರೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360 ಡಿಗ್ರಿಗೆ, ಪ್ರತಿ ಡಿಗ್ರಿಯನ್ನು 60 ಮಿನಿಟಿಗೆ ಭಾಗಿಸಿದರೆ 1.852 ಕಿ.ಮೀ. ಬರುತ್ತದೆ. ಅಂದರೆ ಅಕ್ಷಾಂಶದ ಒಂದು ಮಿನಿಟ್ ಒಂದು ನಾಟಿಕಲ್ ಮೈಲು. ಗಂಟೆಗೆ ಒಂದು ನಾಟಿಕಲ್ ಮೈಲು ಹೋದರೆ ವೇಗ 1 ನಾಟ್. ನಾಟ್ ಎಂದರೆ ಗಂಟು. ಹಿಂದಿನ ನಾವಿಕರು ಗಂಟು ಹಾಕಿದ ಹಗ್ಗವನ್ನು ಹಿಂದಕ್ಕೆ ಬಿಟ್ಟು, ಗೊತ್ತಾದ ಸಮಯದಲ್ಲಿ ಎಷ್ಟು ಗಂಟು ಕೈಯಿಂದ ಜಾರಿತೆಂದು ಎಣಿಸಿ ವೇಗ ಹೇಳುತ್ತಿದ್ದರು.

ನಮ್ಮ ದೋಣಿಯ ವೇಗ 5 ನಾಟ್, ಗಂಟೆಗೆ 9.26 ಕಿ.ಮೀ. ಸೈಕಲ್ಲಿಗಿಂತ ನಿಧಾನ! ಹೆದರಲು ಎಂತ ಉಂಟು ಎನ್ನುತ್ತೀರಾ? ಇದನ್ನೇ ಸೆಕೆಂಡಿಗೆ ಬದಲಿಸಿ ನೋಡಿ. ಸೆಕೆಂಡಿಗೆ 2.57 ಮೀಟರ್. ಯಾರಾದರೂ ನೀರಿಗೆ ಬಿದ್ದರೆ 10 ಸೆಕೆಂಡಿನಲ್ಲಿ ದೋಣಿ 26 ಮೀಟರ್ ಮುಂದೆ ಹೋಗಿರುತ್ತದೆ, ಒಂದು ಮಿನಿಟಿನಲ್ಲಿ 154 ಮೀಟರ್. ತೆರೆಗಳ ನಡುವೆ ಅಷ್ಟು ದೂರದಲ್ಲಿ ಒಂದು ತಲೆ, ತೇಲುವ ತೆಂಗಿನಕಾಯಿಗಿಂತ ದೊಡ್ಡದಾಗಿ ಕಾಣುವುದಿಲ್ಲ. ಹಾಯಿದೋಣಿಗೆ ಬ್ರೇಕ್ ಕೂಡ ಇಲ್ಲ. ಆದ್ದರಿಂದ ಯಾರಾದರೂ ಬಿದ್ದರೆ ಮೂರು ಕೆಲಸ ಒಟ್ಟಿಗೇ ಆಗಬೇಕು: ಜೋರಾಗಿ ಕೂಗುವುದು, ತೇಲುವ ಬಳೆ ಎಸೆಯುವುದು, ಒಬ್ಬರು ಬೇರೇನೂ ಮಾಡದೆ ಬಿದ್ದವರ ಕಡೆಗೇ ಬೆರಳು ತೋರಿಸುತ್ತಾ ನಿಲ್ಲುವುದು. ಆ ಬೆರಳು ತಪ್ಪಿದರೆ ಮನುಷ್ಯ ತಪ್ಪಿದ ಹಾಗೆ.

ಮಗುವಿನ ಲೈಫ್ ಜಾಕೆಟ್

ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ ನೀರಿನಲ್ಲಿ ದೇಹಕ್ಕೆ ತೂಕವೇ ಇಲ್ಲವೆಂಬಂತೆ ಇರುತ್ತದೆ. ತೊಂದರೆ ಎಂತದೆಂದರೆ, ಉಸಿರಾಡಲು ಮೂಗು ಬಾಯಿ ನೀರಿನ ಮೇಲಿರಬೇಕು. ನೀರಿನಿಂದ ಹೊರಗೆ ಬಂದ ತಲೆಯ ತೂಕವನ್ನು ಯಾರಾದರೂ ಹೊರಬೇಕಲ್ಲ? ಆ ಕೆಲಸ ಜಾಕೆಟಿನದು. 5 ಲೀಟರ್ ಜಾಗ ಹಿಡಿಯುವ ಫೋಮ್ 5 ಕಿಲೋ ನೀರನ್ನು ಸರಿಸುತ್ತದೆ. ಫೋಮಿನ ತೂಕ ಕಾಲು ಕಿಲೋ ಎಂದು ಕಳೆದರೂ 4.75 ಕಿಲೋ ಎತ್ತುವ ಬಲ ಉಳಿಯುತ್ತದೆ. 15 ಕಿಲೋ ಮಗುವನ್ನು 15 ಕಿಲೋ ಬಲದಿಂದ ಎತ್ತಬೇಕಾಗಿಲ್ಲ, ಇಷ್ಟು ಸಾಕು. ಆರ್ಕಿಮಿಡೀಸ್ ತತ್ವ ಎಂದರೆ ಇದೇ.

ಆದರೆ ಮಗು ದೊಡ್ಡವರ ಸಣ್ಣ ಪ್ರತಿ ಅಲ್ಲ. ದೊಡ್ಡವರ ತಲೆ ಎತ್ತರದ ಎಂಟನೇ ಒಂದರಷ್ಟು. ಆಗ ಹುಟ್ಟಿದ ಶಿಶುವಿಗೆ ಅದು ನಾಲ್ಕನೇ ಒಂದು. ಮೂರು ವರ್ಷದ ಮಗುವಿಗೂ ತಲೆಯೇ ಭಾರ. ಬಗ್ಗಿ ನೀರು ನೋಡುವ ಮಗು ತಲೆ ಕೆಳಗಾಗಿ ಬೀಳುವುದು ಇದರಿಂದಲೇ. ಹಾಗಾಗಿ ಸಣ್ಣ ಮಕ್ಕಳ ಜಾಕೆಟಿಗೆ ಕುತ್ತಿಗೆಯ ಹಿಂದೆ ಒಂದು ದಪ್ಪ ಕಾಲರ್ ಇರುತ್ತದೆ. ಮುಖ ಮೇಲಾಗಿರಲು ಅದು ಸಹಾಯ ಮಾಡುತ್ತದೆ. ಕಾಲುಗಳ ನಡುವೆ ಒಂದು ಪಟ್ಟಿ ಬೇಕು. ಅದಿಲ್ಲದಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಜಾಕೆಟ್ ಸರಿಯುಂಟಾ ಎಂದು ತಿಳಿಯಲು ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆಯಿರಿ. ಅದು ಕಿವಿಯವರೆಗೆ ಬಂದರೆ ದೊಡ್ಡದಾಯಿತೆಂದೇ ಅರ್ಥ. ಗಾಳಿ ತುಂಬಿದ ಆಟದ ಬಳೆ, ತೋಳಿನ ಬಲೂನು ಇವು ಯಾವುವೂ ಲೈಫ್ ಜಾಕೆಟ್ ಅಲ್ಲ.

ಚಳಿಯ ಲೆಕ್ಕವೂ ಉಂಟು. ಬದಿ 20 ಸೆ.ಮೀ. ಇರುವ ಘನಕ್ಕೆ ಮೇಲ್ಮೈ 2400, ಘನಫಲ 8000, ಅನುಪಾತ 0.3. ಬದಿ 10 ಸೆ.ಮೀ. ಆದರೆ 600ಕ್ಕೆ 1000, ಅನುಪಾತ 0.6. ಸಣ್ಣ ದೇಹಕ್ಕೆ ಶಾಖ ಕಳೆಯುವ ಚರ್ಮ ಪಾಲಿಗೆ ಹೆಚ್ಚು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ದೊಡ್ಡವರಿಗೆ ಹಿತವೆನಿಸುವ ನೀರಿನಲ್ಲೇ ಮಗುವಿನ ತುಟಿ ನೀಲಿಯಾಗುವುದುಂಟು. ಹತ್ತು ಹದಿನೈದು ಮಿನಿಟಿಗೊಮ್ಮೆ ಹೊರಗೆ ತೆಗೆದು ಒರೆಸಿ ಬೆಚ್ಚಗೆ ಮಾಡಬೇಕು.

ಹೊಟ್ಟೆ ತೊಳಸುವುದು ಯಾಕೆ?

ಕಿವಿಯ ಒಳಗೆ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳು ಇವೆ. ದೋಣಿ ಅಲುಗಿದರೆ ಅವು ಮೆದುಳಿಗೆ ಹೇಳುತ್ತವೆ. ದೋಣಿಯ ಒಳಗಿನ ಕೋಣೆಯಲ್ಲಿ ಕೂತು ಪುಸ್ತಕ ಓದುವಾಗ ಕಣ್ಣು ಹೇಳುವುದು, "ಏನೂ ಅಲುಗುತ್ತಿಲ್ಲ" ಎಂದು. ಎರಡು ಸಾಕ್ಷಿ ಎರಡು ಬಗೆ ಹೇಳಿದಾಗ ಮೆದುಳಿಗೆ ಗಲಿಬಿಲಿ, ಹೊಟ್ಟೆಗೆ ಶಿಕ್ಷೆ! ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವುದೂ ಇದೇ. ಹೊರಗೆ ಗಾಳಿಗೆ ಬಂದು ದೂರದ ದಿಗಂತವನ್ನು ನೋಡಿದರೆ ಕಣ್ಣು, ಕಿವಿ ಎರಡೂ ಒಂದೇ ಮಾತು ಹೇಳುತ್ತವೆ, ತೊಳಸು ಕಡಿಮೆಯಾಗುತ್ತದೆ.

ಎಲ್ಲರೂ ನೋಡುತ್ತಿದ್ದರೆ ಯಾರೂ ನೋಡುತ್ತಿಲ್ಲ

ದೋಣಿಯಲ್ಲಿ ಆರು ಮಂದಿ ದೊಡ್ಡವರಿದ್ದರೆ ಮಗು ಹೆಚ್ಚು ಸುರಕ್ಷಿತ ಎಂದು ಅನಿಸುತ್ತದೆ. ಹಾಗಲ್ಲ. ಅಮ್ಮ ಅಂದುಕೊಳ್ಳುತ್ತಾಳೆ ಮಾವ ನೋಡುತ್ತಿದ್ದಾನೆಂದು, ಮಾವ ಅಂದುಕೊಳ್ಳುತ್ತಾನೆ ಅಪ್ಪ ನೋಡುತ್ತಿದ್ದಾನೆಂದು. ಅನುಭವಿಗಳು ಒಂದು ಕ್ರಮ ಇಟ್ಟುಕೊಳ್ಳುತ್ತಾರೆ: ಸರದಿಯಂತೆ ಒಬ್ಬರಿಗೆ ಮಗುವಿನ ಹೊಣೆ. ಆ ಹೊತ್ತು ಅವರು ಹಗ್ಗ ಮುಟ್ಟುವುದಿಲ್ಲ, ಅಡಿಗೆ ಮಾಡುವುದಿಲ್ಲ, ಫೋನ್ ನೋಡುವುದಿಲ್ಲ. ಸರದಿ ಬದಲಾಗುವಾಗ "ಇನ್ನು ನೀನು ನೋಡು" ಎಂದು ಬಾಯಿಬಿಟ್ಟು ಹೇಳಿಯೇ ಏಳಬೇಕು. ಮದುವೆ ಮನೆಯ ಕೆರೆ, ಬಾವಿಗಳ ಬಳಿಯೂ ಈ ಕ್ರಮ ಬೇಕು.

ನಮ್ಮ ಹೊಳೆ, ನಮ್ಮ ದೋಣಿ

ಇದೆಲ್ಲ ಗ್ರೀಸಿನ ಮಾತು, ನಮಗೆ ಯಾಕೆ ಎನ್ನಬೇಡಿ. ವಲಿಯಪರಂಬದ ಹಿನ್ನೀರಿನಲ್ಲಿ ನೀವೂ ದೋಣಿ ಹತ್ತುತ್ತೀರಿ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಎರಡು ಅಂತಸ್ತಿನ ವಿಹಾರ ದೋಣಿ ಮಗುಚಿ 22 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮಿತಿಗಿಂತ ಹೆಚ್ಚು ಜನ ಅದರಲ್ಲಿದ್ದರು. ಹಿನ್ನೀರಿನ ವಿಹಾರ ದೋಣಿಗೆ ಸೀಸ ತುಂಬಿದ ಆಳದ ಕೀಲ್ ಇರುವುದಿಲ್ಲ. ಮೇಲಂತಸ್ತಿಗೆ ಜನ ಹತ್ತಿದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತದೆ. ಎಲ್ಲರೂ ಒಂದೇ ಬದಿಗೆ ಓಡಿದರೆ ಅದು ಬದಿಗೂ ಸರಿಯುತ್ತದೆ.

ಹಾಗಾಗಿ ದೋಣಿ ಹತ್ತುವ ಮೊದಲು ಮೂರು ಪ್ರಶ್ನೆ ಕೇಳಿ. ಎಷ್ಟು ಜನರಿಗೆ ಅನುಮತಿ ಉಂಟು, ಈಗ ಎಷ್ಟು ಜನ ಇದ್ದಾರೆ? ನನ್ನ ಅಳತೆಯ ಜಾಕೆಟ್ ಎಲ್ಲಿ? ಅದನ್ನು ಈಗಲೇ ಹಾಕಿಕೊಳ್ಳಬಹುದಾ? ಉತ್ತರ ಸರಿ ಬಾರದಿದ್ದರೆ ಹತ್ತಬೇಡಿ. "ನಾಚಿಕೆ ಆಗುತ್ತದೆ" ಎಂದು ಸುಮ್ಮನಿರಬೇಡಿ. ತಂಗಿ ತಮ್ಮನಿಗೂ ನೀವೇ ಕೇಳಬೇಕು.

ಮಾಡಿ ನೋಡಿ

1. ಅಡಿಕೆ ಹಾಳೆಯ ಒಂದು ತುಂಡಿನಿಂದ ದೋಣಿ ಮಾಡಿ, ಕಡ್ಡಿ ನೆಟ್ಟು ಕಾಗದದ ಹಾಯಿ ಕಟ್ಟಿ. ಬದಿಯಿಂದ ಊದಿ. ಮಗುಚುತ್ತದೆಯೇ? ಅಡಿಗೆ ದಾರದಲ್ಲಿ ಒಂದು ಕಬ್ಬಿಣದ ನಟ್ ಬಿಗಿಯಾಗಿ ಕಟ್ಟಿ ಮತ್ತೆ ಊದಿ. ಬಳಿಕ ಅದೇ ನಟ್ಟನ್ನು ಕಡ್ಡಿಯ ತುದಿಗೆ ಕಟ್ಟಿ ನೋಡಿ.

2. ಒಂದೇ ಅಳತೆಯ ಎರಡು ಪಾತ್ರೆಗಳಲ್ಲಿ ಸಮತೂಕದ ನೀರು, ಒಣ ಮರಳು ತುಂಬಿ ಬಿಸಿಲಿಗಿಡಿ. ಹತ್ತು ಮಿನಿಟಿಗೊಮ್ಮೆ ಉಷ್ಣತೆ ಬರೆದು ಗ್ರಾಫ್ ಎಳೆಯಿರಿ.

ಉತ್ತರಿಸಿ

1. ದೋಣಿಯ ವೇಗ 6 ನಾಟ್ ಆದರೆ, ಯಾರಾದರೂ ಬಿದ್ದ 20 ಸೆಕೆಂಡಿನಲ್ಲಿ ಅದು ಎಷ್ಟು ಮೀಟರ್ ದೂರ ಹೋಗಿರುತ್ತದೆ?

2. ಗಾಳಿಯ ವೇಗ 8 ನಾಟ್‌ನಿಂದ 24 ನಾಟ್‌ಗೆ ಏರಿದರೆ ಹಾಯಿಯ ಮೇಲಿನ ಒತ್ತಡ ಎಷ್ಟು ಪಟ್ಟಾಗುತ್ತದೆ?

3. ದೊಡ್ಡವರ ಜಾಕೆಟನ್ನು ಮಗುವಿಗೆ ಹಾಕಿದರೆ ತೇಲುವ ಬಲ ಇನ್ನೂ ಹೆಚ್ಚಲ್ಲವೇ? ಆದರೂ ಹಾಕಬಾರದು, ಯಾಕೆ?