ಸ್ಟ್ರಾಬೆರಿ ಚೀಲಕ್ಕಿಂತ ಮೊದಲು ನೀರು ನೋಡಿ

ಮಣ್ಣಿಲ್ಲದೆ ಕೊಕೊಪಿಟ್ ಚೀಲದಾಗ ಸ್ಟ್ರಾಬೆರಿ ಬೆಳೀಬಹುದೇನು ಅಂತ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ರೈತರು ಕೇಳ್ತಾರೆ. ಚಳಿಗಾಲದಾಗ ಬೆಳೀಬಹುದು, ಆದರೆ ಮೊದಲು ಬೋರಿನ ನೀರು ಪರೀಕ್ಷೆ ಮಾಡಿಸಿ.

ಉಪ್ಪಿನಂಶ ತೋರಿಸುವ ಇ.ಸಿ. ಸುಮಾರು 1.0 ದಾಟಿದರೆ ದ್ರಾಕ್ಷಿ ಇಳುವರಿ ಇಳಿಯತೊಡಗುತ್ತದೆ, ಸ್ಟ್ರಾಬೆರಿಗೆ 0.7 ದಾಟಿದರೇ ಸಾಕು. ಉಪ್ಪು, ಬರ ತಡೀಲಿ ಅಂತ ದ್ರಾಕ್ಷಿಯನ್ನು ಡಾಗ್‌ರಿಜ್ ಬೇರಿಗೆ ಕಸಿ ಕಟ್ಟುತ್ತೇವೆ. ಸ್ಟ್ರಾಬೆರಿಗೆ ಅಂಥ ಆಸರೆ ಇಲ್ಲ.

ಕೊಕೊಪಿಟ್ಟಿನಲ್ಲೂ ಸೋಡಿಯಂ ಇರ್ತದ. ಸಿಹಿನೀರಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಮತ್ತೆ ತೊಳೀರಿ. ಚೀಲದ ಅಡಿಗೆ ತೂತು ಬೇಕು. ಕೊಟ್ಟ ನೀರಿನ ಐದನೇ ಒಂದು ಪಾಲಾದರೂ ಹೊರಗೆ ಹರಿಯಲಿ. ಆ ನೀರಿನ ಇ.ಸಿ. ದಿನೇ ದಿನೇ ಏರಿದರೆ ಬೇರಿನ ಬಳಿ ಉಪ್ಪು ಕೂಡ್ತಿದೆ ಅಂತಲೇ ಅರ್ಥ. ಎಲೆಯಂಚು ಸುಡುವವರೆಗೆ ಕಾಯಬೇಡಿ.

ಕೃಷಿಹೊಂಡದಾಗ ಮಳೆನೀರು ಇದ್ದವರು ನೂರು ಚೀಲ ಇಟ್ಟು ನೋಡಲಿ.