ಲೋಡ್ ಏರಿದಾಗ ಮೊದಲು ಸಾಲು ನೋಡು

ತಮ್ಮಾ, ರಾತ್ರಿ ಕರ್ನಲ್ ಅಪ್‌ಗ್ರೇಡ್ ಮಾಡಿದ್ದೀಯ, ಬೆಳಿಗ್ಗೆ ರಾಯಚೂರಿನ ಸರ್ವರ್ ಲೋಡ್ 18 ತೋರಿಸುತ್ತಿದೆ. ಬ್ಯಾಂಕಿನ ದೇವದುರ್ಗ, ಮಾನ್ವಿ ಶಾಖೆಗಳಿಂದ ಫೋನಿನ ಮೇಲೆ ಫೋನು. ಇಂಥ ಹೊತ್ತಿನಲ್ಲಿ ಕೈ ತಾನಾಗಿ ರೀಬೂಟ್ ಕಡೆ ಓಡುತ್ತದೆ. ಓಡಗೊಡಬೇಡ. ರೀಬೂಟ್ ಮಾಡಿದರೆ ಈಗ ಯಂತ್ರದೊಳಗೆ ಏನು ನಡೆದಿದೆ ಎಂಬ ಗುರುತೇ ಉಳಿಯುವುದಿಲ್ಲ. ಮೇಲಾಗಿ ಮೆಮೊರಿಯ ಕ್ಯಾಶ್ ಖಾಲಿಯಾಗಿ, ಡೇಟಾಬೇಸ್ ಎಲ್ಲವನ್ನೂ ಡಿಸ್ಕಿನಿಂದ ಮತ್ತೆ ಓದಲು ಕೂತರೆ ಲೋಡ್ ಇನ್ನಷ್ಟು ಏರುತ್ತದೆ.

ಅಪ್‌ಟೈಮ್ ಕಮಾಂಡ್ ಕೊಡುವ ಲೋಡಿನ ಮೂರು ಅಂಕಿಗಳು 1, 5, 15 ನಿಮಿಷಗಳ ಸರಾಸರಿ. ಮೊದಲನೆಯದು ಇಳಿದು ಕೊನೆಯದು ಮೇಲಿದ್ದರೆ ಯಂತ್ರ ಸುಧಾರಿಸಿಕೊಳ್ಳುತ್ತಿದೆ, ಸ್ವಲ್ಪ ಕಾಯಿ. 18 ಅನ್ನುವುದು 32 ಕೋರಿನ ಯಂತ್ರಕ್ಕೆ ಲೆಕ್ಕಕ್ಕಿಲ್ಲ, 4 ಕೋರಿನದಕ್ಕೆ ಭಾರ.

ಬಹಳ ಮಂದಿ ಎಡವುವುದು ಇಲ್ಲಿಂದ ಮುಂದೆ. ಲೋಡ್ ಅಂದರೆ ಸಿಪಿಯು ಕೆಲಸ ಅಂದುಕೊಳ್ಳುತ್ತಾರೆ. 1993ರಿಂದಲೂ ಲಿನಕ್ಸ್ ಡಿಸ್ಕಿಗಾಗಿ ಕಾದು ಕೂತ ಪ್ರಕ್ರಿಯೆಗಳನ್ನೂ ಅದರಲ್ಲಿ ಎಣಿಸುತ್ತದೆ. ಸುಗ್ಗಿಯಲ್ಲಿ ಎಪಿಎಂಸಿ ಮುಂದೆ ಭತ್ತದ ಟ್ರ್ಯಾಕ್ಟರ್ ಸಾಲು ನಿಂತಾಗ, ಕೆಲವು ತೂಕಕ್ಕೆ, ಕೆಲವು ಮೂಟೆ ಇಳಿಸಲು ಕಾದಿರುತ್ತವೆ. ಸಾಲಿನ ಉದ್ದ ಒಂದೇ, ಕಾರಣ ಬೇರೆ. ಅದಕ್ಕೇ ವಿಎಂಸ್ಟ್ಯಾಟ್ ಓಡಿಸು. ಅದು ತೋರಿಸುವ ಅಂಕಿಗಳ ಮೊದಲ ಸಾಲು ಬೂಟ್ ಆದಾಗಿನಿಂದಿನ ಸರಾಸರಿ, ಬಿಟ್ಟುಬಿಡು. ಮುಂದಿನ ಸಾಲುಗಳಲ್ಲಿ ‘ಆರ್’ ದೊಡ್ಡದಿದ್ದರೆ ಸಿಪಿಯು ಸಾಲದು. ‘ಬಿ’ ದೊಡ್ಡದಿದ್ದು ಸಿಪಿಯು ಖಾಲಿ ಕೂತಿದ್ದರೆ ಡಿಸ್ಕಿನ ಕಡೆ, ರೇಡ್ ಕಾರ್ಡಿನ ಡ್ರೈವರ್ ಕಡೆ, ನೆಟ್‌ವರ್ಕ್ ಶೇರಿನ ಕಡೆ ಹೋಗು. ಹೊಸ ಕರ್ನಲ್ ಜೊತೆ ಡ್ರೈವರೂ ಬದಲಾಗಿರಬಹುದು ಎಂಬುದನ್ನು ಮರೆಯಬೇಡ.

ಸಿಪಿಯು ಕಡೆಯೇ ತೊಂದರೆ ಅಂತಾದರೆ ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಪೂರ್ತಿ ಓದು, ಕಣ್ಣಾಡಿಸಿ ಬಿಡಬೇಡ. ‘ಟಿಎಸ್‌ಸಿ’ ನಂಬಲರ್ಹವಲ್ಲ ಅಂತ ಒಂದು ಸಾಲು ಕಂಡರೆ ಅದು ಬಹು ಮುಖ್ಯದ್ದು. ಕರ್ನಲ್ ಸಿಪಿಯುವಿನ ಒಳಗಡಿಯಾರ ಬಿಟ್ಟು ಎಚ್‌ಪಿಇಟಿಯಂಥ ನಿಧಾನದ ಗಡಿಯಾರಕ್ಕೆ ಹೊರಳಿದೆ ಅಂತ ಅರ್ಥ. ಡೇಟಾಬೇಸ್ ಪದೇ ಪದೇ ಸಮಯ ಕೇಳುತ್ತಲೇ ಇರುತ್ತದೆ. ಕೇಳಿದಾಗಲೆಲ್ಲ ಕರ್ನಲ್ ಒಳಗೆ ಹೋಗಿ ಬರಬೇಕಾದರೆ ಯಂತ್ರ ಅದರಲ್ಲೇ ಸುಸ್ತಾಗುತ್ತದೆ. ಎಷ್ಟೋ ಜನರಿಗೆ ದಿನಗಟ್ಟಲೆ ಡೇಟಾಬೇಸ್ ಕೆದಕಿದ ಮೇಲೆ ಈ ಸಾಲು ಕಣ್ಣಿಗೆ ಬೀಳುತ್ತದೆ.

ತಾಪದ ಎಚ್ಚರಿಕೆಯೂ ಡಿಮೆಸೇಜ್‌ನಲ್ಲೇ ಸಿಗುತ್ತದೆ. ನಮ್ಮ ರಾಯಚೂರು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಎಸಿ ಕೈಕೊಟ್ಟ ಕೋಣೆಯಲ್ಲಿ ಸಿಪಿಯು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ, ಸಾಲು ಬೆಳೆಯುತ್ತದೆ, ಬೈಗುಳ ಮಾತ್ರ ಕರ್ನಲ್‌ಗೆ.

ಹಾಗಂತ ಕರ್ನಲ್‌ನಲ್ಲಿ ತಪ್ಪೇ ಇರುವುದಿಲ್ಲ ಅಂತಲ್ಲ. 2012ರ ಜೂನ್ ಕೊನೆಯಲ್ಲಿ ಗಡಿಯಾರಕ್ಕೆ ಒಂದು ಲೀಪ್ ಸೆಕೆಂಡ್ ಸೇರಿಸಿದ್ದಕ್ಕೇ ಜಗತ್ತಿನಾದ್ಯಂತ ಎಷ್ಟೋ ಲಿನಕ್ಸ್ ಸರ್ವರ್‌ಗಳಲ್ಲಿ ಸಿಪಿಯು ನೂರಕ್ಕೆ ನೂರು ಏರಿತು. ದಿನಾಂಕವನ್ನು ಮತ್ತೊಮ್ಮೆ ಹೊಂದಿಸಿದರೆ ಇಳಿಯುತ್ತಿತ್ತು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ದೋಷ ಮುಚ್ಚಲು ಬಂದ ಕರ್ನಲ್‌ಗಳು ಕೆಲವು ಕೆಲಸಗಳನ್ನು ನಿಜವಾಗಿಯೂ ನಿಧಾನ ಮಾಡಿದವು. ಆಗ ಕೆಲವರು ವೇಗದ ಆಸೆಗೆ ಆ ರಕ್ಷಣೆಯನ್ನೇ ಆಫ್ ಮಾಡಿಬಿಟ್ಟರು. ನೀನು ಅದನ್ನು ಮಾಡಬೇಡ. ಆ ಯಂತ್ರದಲ್ಲಿರುವುದು ರೈತರ ಠೇವಣಿ ಲೆಕ್ಕ, ಬಂಗಾರದ ಸಾಲದ ಲೆಕ್ಕ.

ಇಷ್ಟೆಲ್ಲ ನೋಡಿ, ಕಂಡದ್ದನ್ನು ಫೈಲಿಗೆ ಉಳಿಸಿಕೊಂಡು, ಆಮೇಲೂ ದಾರಿ ಕಾಣದಿದ್ದರೆ ಗ್ರಬ್ ಮೆನುವಿನಿಂದ ಹಳೆಯ ಕರ್ನಲ್‌ಗೇ ಬೂಟ್ ಮಾಡು. ಅದರಲ್ಲಿ ನಾಚಿಕೆಯೇನೂ ಇಲ್ಲ. ದೇವದುರ್ಗದಲ್ಲಿ ಬೆಳಗಿನ ಬಸ್ಸಿಗೆ ಬಂದು ಕೌಂಟರ್ ಮುಂದೆ ಕೂತ ಅಜ್ಜಿಗೆ ಮೊದಲು ದುಡ್ಡು ಕೈಗೆ ಸಿಗಲಿ. ಅಷ್ಟೇ ಕೆಲಸ ಇದ್ದೂ ಹಳೆಯ ಕರ್ನಲ್ ಲೋಡ್ ಇಳಿಸಿತೋ, ಹೊಸ ಕರ್ನಲ್ ಮೇಲಿನ ಸಂಶಯ ಗಟ್ಟಿಯಾಯಿತು. ಇಳಿಸದಿದ್ದರೆ ಬೇರೆ ಕಡೆ ಹುಡುಕು. ಮುಂದಿನ ಸಲ ಅಪ್‌ಗ್ರೇಡ್‌ಗೆ ಮುಂಚೆಯೇ ಮಾಮೂಲಿ ದಿನದ ಲೋಡ್ ಬರೆದಿಟ್ಟುಕೋ. ಹೊಸ ಕರ್ನಲ್ ಮೊದಲು ಮಾನ್ವಿಯ ಚಿಕ್ಕ ಯಂತ್ರಕ್ಕೆ ಹಾಕಿ, ಒಂದು ವಾರದ ವಹಿವಾಟು ನೋಡಿ, ಆಮೇಲೆ ರಾಯಚೂರಿನದನ್ನು ಮುಟ್ಟು.